ಕರುಳು ಹಿಂಡಿದಂತಾಯಿತು

ದುಃಖದ ಸುದ್ದಿ ಬಂದರೆ ‘ಕರುಳು ಹಿಂಡಿದಂತಾಯಿತು’ ಎನ್ನುತ್ತೀರಿ. ಇದು ಬರಿಯ ಮಾತಿನ ಅಲಂಕಾರವೆಂದು ತಿಳಿಯಬೇಡಿ. ಹಾಗೆ ಹಿಂಡುವುದನ್ನು ಕಣ್ಣಾರೆ ಕಂಡವರಿದ್ದಾರೆ.

1822ರ ಜೂನ್ 6ರಂದು, ಅಮೆರಿಕದ ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ಬಂದೂಕು ಅಕಸ್ಮಾತ್ತಾಗಿ ಹಾರಿ, ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ದೋಣಿಯಾಳಿನ ಪಕ್ಕೆಯನ್ನು ಸೀಳಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಅವನ ಜೀವ ಉಳಿಸಿದ. ಗಾಯ ಮಾತ್ರ ಪೂರ್ತಿ ಮುಚ್ಚದೆ, ಜಠರಕ್ಕೆ ಒಂದು ಕಿಂಡಿ ಉಳಿಯಿತು. 1825ರಿಂದ ಬೋಮಾಂಟ್ ಮಾಂಸದ, ರೊಟ್ಟಿಯ ತುಣುಕುಗಳನ್ನು ರೇಷ್ಮೆದಾರಕ್ಕೆ ಕಟ್ಟಿ ಆ ಕಿಂಡಿಯೊಳಗೆ ಇಳಿಬಿಟ್ಟು, ಮತ್ತೆ ಎಳೆದು ಪರೀಕ್ಷಿಸತೊಡಗಿದ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದೆಂಬುದನ್ನು ತನ್ನ 1833ರ ಗ್ರಂಥದಲ್ಲಿ ದಾಖಲಿಸಿದ. ಹೊಟ್ಟೆಯೊಳಗೆ ದಾರ ಇಳಿಬಿಟ್ಟು ಜಗ್ಗಿದರೆ ಯಾರಿಗೆ ತಾನೆ ಸಿಟ್ಟು ಬಾರದು! ಬಡಪಾಯಿ ಒಮ್ಮೆ ಹೇಳದೆ ಕೇಳದೆ ಕೆನಡಕ್ಕೆ ಹೊರಟೇಹೋದ.

ಕ್ಷ-ಕಿರಣ ಬಂದ ಮೇಲೆ ಕಿಂಡಿಯ ಅಗತ್ಯವೂ ತಪ್ಪಿತು. ಹಾರ್ವರ್ಡಿನ ವಾಲ್ಟರ್ ಕ್ಯಾನನ್, ಬೆಕ್ಕು ಕಳವಳಗೊಂಡೊಡನೆ ಅದರ ಜಠರದ ಚಲನೆ ನಿಂತುದನ್ನೂ, ಸಮಾಧಾನವಾದಾಗ ಮತ್ತೆ ಮೊದಲಾದುದನ್ನೂ ಕಂಡು 1898ರಲ್ಲಿ ಪ್ರಕಟಿಸಿದ.

ಕರುಳಿನ ಸರದಿ ಬಂದದ್ದು 1940ರ ದಶಕದಲ್ಲಿ. ನ್ಯೂಯಾರ್ಕಿನ ವೈದ್ಯ ಥಾಮಸ್ ಆಲ್ಮಿ, ಆರೋಗ್ಯವಂತ ವಿದ್ಯಾರ್ಥಿಗಳ ತಲೆಗೆ ಪಟ್ಟಿ ಬಿಗಿದು ನೋವು ಕೊಟ್ಟು, ನಳಿಕೆಯ ಮೂಲಕ ಅವರ ದೊಡ್ಡಕರುಳನ್ನು ನೋಡಿದ. ನೋವು ತಲೆಗೆ, ಬಿಗಿದುಕೊಂಡದ್ದು ಕರುಳು! ನೋವು ನಿಂತಾಗ ಅದೂ ಸಡಿಲಿತು.

ಈಗ ನಿಮ್ಮ ಮನೆಯ ಮಾತಿಗೆ ಬನ್ನಿ. ಒಬ್ಬರಿಗೆ ಹೊಟ್ಟೆನೋವು, ಒಂದು ವಾರ ಭೇದಿ, ಇನ್ನೊಂದು ವಾರ ಮಲಬದ್ಧತೆ. ಪರೀಕ್ಷೆಗಳಲ್ಲಿ ಏನೂ ಕಾಣದು. ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದುಬಿಡುತ್ತೇವೆ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ಕೆರಳುವ ಕರುಳಿನ ಈ ಬೇನೆಯಲ್ಲಿ ನೋವು ನಿಜವಾದುದೇ. ಮಿದುಳಿಗೂ ಕರುಳಿಗೂ ನಡುವಣ ನರಗಳ ವ್ಯವಹಾರ ಏರುಪೇರಾಗಿರುತ್ತದೆ. (ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಮಾತು ಬೇರೆ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.)

ಪೆಟ್ಟು ಎಲ್ಲರಿಗೂ ಬೀಳುತ್ತದೆ. ಬಿದ್ದ ಮೇಲೆ ಚೇತರಿಸಿಕೊಳ್ಳುವ ಶಕ್ತಿ ಎಲ್ಲರಲ್ಲೂ ಒಂದೇ ಸಮನಾಗಿಲ್ಲ. ಆ ಶಕ್ತಿ ಕುಂದಿದ ರೋಗಿಗಳಲ್ಲಿ ಬೇನೆಯೂ ಹೆಚ್ಚೆಂದು ಕ್ಯಾಲಿಫೋರ್ನಿಯದ ಸಂಶೋಧಕರು 2018ರಲ್ಲಿ ವರದಿಮಾಡಿದರು. ಹಾಗಾದರೆ ಇದು ಹಣೆಬರಹವೇ? ಅಲ್ಲವೆನ್ನಲು ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಮತ್ತು ಸಂಗಡಿಗರ 1984ರ ಪ್ರಯೋಗವೊಂದಿದೆ. ಬೇರೆ ಚಿಕಿತ್ಸೆಗೆ ಬಗ್ಗದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಮ್ಮೋಹನದ ಮೂಲಕ ಕರುಳನ್ನು ಸಡಿಲಿಸುವ ಅಭ್ಯಾಸ ಮಾಡಿಸಿದರು. ಆ ಗುಂಪಿನವರ ನೋವೂ ಹೊಟ್ಟೆಯುಬ್ಬರವೂ ಇನ್ನೊಂದು ಗುಂಪಿನವರಿಗಿಂತ ಬಹಳ ಮಟ್ಟಿಗೆ ಇಳಿದವು.