ಹೌಪ್ಟ್‌ಮನ್ ಮೊಕದ್ದಮೆ: ಅಪರಾಧವೂ ಮರಣದಂಡನೆಯೂ

ಅಮೆರಿಕದ ನ್ಯಾಯಚರಿತ್ರೆಯಲ್ಲಿ ಬ್ರೂನೋ ರಿಚರ್ಡ್ ಹೌಪ್ಟ್‌ಮನ್ನನ ಮೊಕದ್ದಮೆಯಷ್ಟು ಗ್ರಂಥರಾಶಿಗೆ ಕಾರಣವಾದ ಪ್ರಕರಣಗಳು ವಿರಳ. ಆತನು ಅಪರಾಧಿಯೋ ನಿರಪರಾಧಿಯೋ ಎಂಬುದೇ ಈ ಗ್ರಂಥಗಳಲ್ಲಿ ಹೆಚ್ಚಿನವುಗಳ ಜಿಜ್ಞಾಸೆ. ಆದರೆ ಅದರಿಂದ ಬೇರೆಯಾಗಿ ನಿಲ್ಲುವ ಇನ್ನೊಂದು ಪ್ರಶ್ನೆಯುಂಟು: ಆತನು ಅಪರಾಧಿಯೇ ಎಂದಿಟ್ಟುಕೊಂಡರೂ ಮರಣದಂಡನೆ ಅವನಿಗೆ ಯಾವ ಮಾರ್ಗದಿಂದ ಪ್ರಾಪ್ತವಾಯಿತು?

1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಏಕಾಂಗಿಯಾಗಿ ಹಾರಿ ಜಗದ್ವಿಖ್ಯಾತನಾದ ಚಾರ್ಲ್ಸ್ ಲಿಂಡ್‌ಬರ್ಗನು ನ್ಯೂಜರ್ಸಿ ಸಂಸ್ಥಾನದ ಹೋಪ್‌ವೆಲ್ ಗ್ರಾಮದ ಬಳಿ ಮನೆ ಕಟ್ಟಿಸಿದ್ದನು. 1932ರ ಮಾರ್ಚ್ 1ರ ರಾತ್ರಿ ಆತನ ಇಪ್ಪತ್ತು ತಿಂಗಳ ಗಂಡುಮಗು ಮಹಡಿಯ ಕೋಣೆಯಿಂದ ಕಾಣೆಯಾಯಿತು. ಕಿಟಕಿಯ ಬಳಿ 50,000 ಡಾಲರುಗಳನ್ನು ಬೇಡುವ ಚೀಟಿಯೂ, ಹೊರಗೆ ಅಂಗಳದಲ್ಲಿ ಮುರಿದ ಏಣಿಯೂ ದೊರೆತವು. ನಿವೃತ್ತ ಉಪಾಧ್ಯಾಯ ಜಾನ್ ಕಾಂಡನ್ ಮಧ್ಯಸ್ಥನಾಗಿ ನಿಂತು ಏಪ್ರಿಲ್ 2ರ ರಾತ್ರಿ ಬ್ರಾಂಕ್ಸಿನ ಸ್ಮಶಾನವೊಂದರಲ್ಲಿ ಅಪರಿಚಿತನೊಬ್ಬನಿಗೆ ಹಣವನ್ನು ಒಪ್ಪಿಸಿದನು. ಮಗು ಮಾತ್ರ ಮರಳಲಿಲ್ಲ. ಮೇ 12ರಂದು ಮನೆಯಿಂದ ಕೆಲವೇ ಮೈಲಿಗಳ ದೂರದ ಕಾಡಿನಲ್ಲಿ, ತಲೆಬುರುಡೆ ಒಡೆದ ಸ್ಥಿತಿಯಲ್ಲಿ ಅದರ ಶವ ಸಿಕ್ಕಿತು.

ಒಪ್ಪಿಸಿದ ನೋಟುಗಳಲ್ಲಿ ಬಹುಪಾಲು ಚಿನ್ನದ ನೋಟುಗಳು. ಅವುಗಳ ಸಂಖ್ಯೆಗಳನ್ನು ಮೊದಲೇ ಬರೆದಿಡಲಾಗಿತ್ತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯಂತೆ ಚಿನ್ನದ ನೋಟುಗಳು ಸರಕಾರಕ್ಕೆ ಹಿಂದಿರುಗಬೇಕಾದುದರಿಂದ, ಆಮೇಲೆ ಅಂತಹ ನೋಟನ್ನು ಚಲಾಯಿಸುವವನು ಎದ್ದು ಕಾಣುವಂತಾಯಿತು. 1934ರ ಸೆಪ್ಟೆಂಬರಿನಲ್ಲಿ ಪೆಟ್ರೋಲು ಮಾರುವವನೊಬ್ಬನು ಹತ್ತು ಡಾಲರಿನ ಇಂತಹ ನೋಟಿನ ಮೇಲೆ ಕಾರಿನ ಸಂಖ್ಯೆಯನ್ನು ಗೀಚಿಟ್ಟನು. ಕಾರು ಬ್ರಾಂಕ್ಸಿನಲ್ಲಿ ವಾಸವಾಗಿದ್ದ ಜರ್ಮನ್ ಬಡಗಿ ಹೌಪ್ಟ್‌ಮನ್ನನದು. ಆತನ ಗ್ಯಾರೇಜಿನಲ್ಲಿ 14,000 ಡಾಲರುಗಳಿಗೂ ಮೀರಿದ ಅದೇ ಹಣ ಅಡಗಿತ್ತು. ಗೆಳೆಯ ಇಸಿಡೋರ್ ಫಿಶ್ ತನ್ನಲ್ಲಿ ಇಟ್ಟುಹೋದ ಪೆಟ್ಟಿಗೆಯಲ್ಲಿ ಈ ಹಣವಿತ್ತೆಂಬುದು ಹೌಪ್ಟ್‌ಮನ್ನನ ಸಮಾಧಾನ. ಫಿಶ್ ಜರ್ಮನಿಗೆ ಮರಳಿ 1934ರಲ್ಲೇ ಕ್ಷಯದಿಂದ ಮೃತನಾಗಿದ್ದನು.

ಇದಕ್ಕಿಂತ ಸ್ವಾರಸ್ಯವಾದುದು ಮರದ ಸಾಕ್ಷ್ಯ. ವಿಸ್ಕಾನ್ಸಿನ್ನಿನ ಸರಕಾರಿ ಅರಣ್ಯೋತ್ಪನ್ನ ಪ್ರಯೋಗಶಾಲೆಯ ಆರ್ಥರ್ ಕೋಲರ್, ಏಣಿಯ ಹಲಗೆಗಳ ಮೇಲೆ ಯಂತ್ರದ ಅಲಗುಗಳು ಉಳಿಸಿದ ಸೂಕ್ಷ್ಮ ಗುರುತುಗಳನ್ನು ಹಿಡಿದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು, ಆ ಮರ ಬ್ರಾಂಕ್ಸಿನ ಒಂದು ಮರದ ಅಡ್ಡೆಯಲ್ಲಿ ಮಾರಾಟವಾದುದೆಂದು ಕಂಡುಹಿಡಿದನು. ಹೌಪ್ಟ್‌ಮನ್ನನ ಹೆಸರು ಯಾರ ಬಾಯಲ್ಲೂ ಇಲ್ಲದ 1933ರಲ್ಲಿಯೇ ಇದು ನಡೆಯಿತು. ಆತನು ಅದೇ ಅಡ್ಡೆಯಲ್ಲಿ ಕೆಲಸ ಮಾಡಿದ್ದುದು ಆಮೇಲೆ ಹೊರಬಿದ್ದಿತು. ಏಣಿಯ ಹದಿನಾರನೆಯ ಸಂಖ್ಯೆಯ ಮರದಲ್ಲಿದ್ದ ನಾಲ್ಕು ಮೊಳೆತೂತುಗಳು ಆತನ ಮನೆಯ ಅಟ್ಟದ ತೊಲೆಗಳ ತೂತುಗಳೊಂದಿಗೆ ಸರಿಹೊಂದಿದವು. ಅಟ್ಟದಲ್ಲಿ ಹಲಗೆ ಕೊಯ್ದಿರುವುದು ಪೋಲೀಸರ ಕಣ್ಣಿಗೆ ಬಿದ್ದುದು ಹಲವು ಶೋಧಗಳ ತರುವಾಯ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಆದರೂ ಈ ಸಾಕ್ಷ್ಯವನ್ನು ಬುಡಸಹಿತ ಅಲುಗಿಸಲು ಯಾರಿಗೂ ಸಾಧ್ಯವಾಗಿಲ್ಲ.

ಮನುಷ್ಯರ ಸಾಕ್ಷ್ಯ ಇಷ್ಟು ಗಟ್ಟಿಯಾದುದಲ್ಲ. ಪೋಲೀಸರ ಮುಂದೆ ಹೌಪ್ಟ್‌ಮನ್ನನನ್ನು ಗುರುತಿಸಲು ಹಿಂಜರಿದ ಕಾಂಡನ್, ಫ್ಲೆಮಿಂಗ್ಟನ್ನಿನ ನ್ಯಾಯಾಲಯದಲ್ಲಿ ನಿಸ್ಸಂಶಯವಾಗಿ ಗುರುತಿಸಿದನು. ಸ್ಮಶಾನದಲ್ಲಿ ದೂರದಿಂದ ಕೇಳಿದ ಒಂದೆರಡು ಮಾತಿನ ಧ್ವನಿಯಿಂದ ಮನುಷ್ಯನನ್ನು ಹೇಳುವುದು ಬಹು ಕಷ್ಟವೆಂದು ಮೊದಲು ನುಡಿದಿದ್ದ ಲಿಂಡ್‌ಬರ್ಗನು, ಎರಡು ವರ್ಷಗಳಿಗೂ ಮೀರಿದ ಬಳಿಕ ಅದು ಹೌಪ್ಟ್‌ಮನ್ನನದೇ ಎಂದನು. ಅಂತಹ ವೀರನ ಮಾತನ್ನು ತಳ್ಳಿಹಾಕುವ ಜೂರಿ 1935ರ ಅಮೆರಿಕದಲ್ಲಿ ದೊರೆಯುವಂತಿರಲಿಲ್ಲ.

ವಾದದ ನಿಜವಾದ ಗಂಟು ಇರುವುದು ಶಾಸನದಲ್ಲಿ. ಅಂದಿನ ನ್ಯೂಜರ್ಸಿಯಲ್ಲಿ ಮಕ್ಕಳ ಅಪಹರಣಕ್ಕೆ ಮರಣದಂಡನೆಯಿರಲಿಲ್ಲ. ಅಪಹರಣದಲ್ಲಿ ಆದ ಸಾವು ತಾನಾಗಿಯೇ ಪ್ರಥಮ ದರ್ಜೆಯ ಕೊಲೆಯೂ ಆಗುತ್ತಿರಲಿಲ್ಲ. ಕನ್ನಗಳವಿನಲ್ಲಿ ಆದ ಸಾವಾದರೋ, ಕೊಲ್ಲುವ ಉದ್ದೇಶವಿಲ್ಲದಿದ್ದರೂ, ಹಾಗೆ ಆಗುತ್ತಿತ್ತು. ಆದುದರಿಂದ ಮನೆಗೆ ಕನ್ನವಿಕ್ಕಿದವನು ಕದ್ದುದಾದರೂ ಏನು ಎಂಬ ಪ್ರಶ್ನೆ ಬಂದಿತು. ಮಗು ತೊಟ್ಟಿದ್ದ ರಾತ್ರಿಯ ಉಡುಪು ಎಂಬುದೇ ಸರಕಾರದ ಉತ್ತರ! ಆ ಉಡುಪನ್ನು ಅಪಹರಿಸಿದವನು ತಾನೇ ನಿಜವಾದವನೆಂದು ತೋರಿಸಲು ಕಾಂಡನ್ನನಿಗೆ ಕಳುಹಿಸಿದ್ದನು. ಹೀಗೆ ಒಂದು ತುಂಡು ಬಟ್ಟೆಯ ಆಧಾರದಿಂದ ಪ್ರಾಣಾಂತಿಕ ಅಪರಾಧ ಸಿದ್ಧವಾಯಿತು. 1935ರ ಅಕ್ಟೋಬರಿನಲ್ಲಿ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಮಗು ಸತ್ತ ಬಗೆಯ ವಿಷಯದಲ್ಲಿಯೂ ಸರಕಾರದ ಮಾತು ಒಂದೇ ಆಗಿರಲಿಲ್ಲ. ಏಣಿ ಮುರಿದು ಬಿದ್ದು ಸತ್ತಿತೆಂದು ಆರಂಭದಲ್ಲಿ ಹೇಳಿದ ಅಟಾರ್ನಿ ಜನರಲ್ ಡೇವಿಡ್ ವಿಲೆಂಟ್ಸ್, ಕೊನೆಯ ವಾದದಲ್ಲಿ ಕೋಣೆಯೊಳಗೇ ಉಳಿಯಿಂದ ಹೊಡೆದು ಕೊಂದನೆಂದನು. ಇವೆರಡರ ನಡುವಿನ ಅಂತರ ಅಕಸ್ಮಾತ್ತಿಗೂ ಹತ್ಯೆಗೂ ಇರುವ ಅಂತರ. ಜೂರಿ ದಯೆಯ ಶಿಫಾರಸು ಮಾಡಿದ್ದರೆ ಆಜೀವ ಸೆರೆಮನೆಯಾಗುತ್ತಿತ್ತು. ಸುಮಾರು ಹನ್ನೊಂದು ಗಂಟೆಗಳ ಸಮಾಲೋಚನೆಯ ಬಳಿಕ ಫೆಬ್ರವರಿ 13ರಂದು ಹೊರಬಂದ ಜೂರಿ ಅಂತಹ ಮಾತನ್ನಾಡಲಿಲ್ಲ.

ಗವರ್ನರ್ ಹೆರಲ್ಡ್ ಹಾಫ್‌ಮನ್ ಒಬ್ಬನೇ ಮನುಷ್ಯ ಈ ಕಾರ್ಯ ಮಾಡಿದನೆಂಬುದನ್ನು ನಂಬದೆ, ಸೆರೆಮನೆಗೆ ಗುಟ್ಟಾಗಿ ಹೋಗಿ ಕೈದಿಯನ್ನು ಕಂಡನು. ಶಿಕ್ಷೆಯನ್ನು ಇಳಿಸುವ ಅಧಿಕಾರ ಕ್ಷಮಾದಾನ ನ್ಯಾಯಾಲಯದ್ದು, ಅದು ಒಪ್ಪಲಿಲ್ಲ. ಮೂವತ್ತು ದಿನಗಳ ತಡೆಯಷ್ಟೇ ಗವರ್ನರನ ಕೈಯಲ್ಲಿದ್ದುದು. ಇತ್ತ ಬರ್ಲಿಂಗ್ಟನ್ ಜಿಲ್ಲೆಯ ಪತ್ತೇದಾರ ಎಲಿಸ್ ಪಾರ್ಕರ್ ಬೇರೊಬ್ಬನನ್ನು ಹಿಡಿತರಿಸಿ, ಬಂಧನದಲ್ಲಿಟ್ಟು ಸುಳ್ಳು ತಪ್ಪೊಪ್ಪಿಗೆ ಬರೆಯಿಸಿದನು. ಲಿಂಡ್‌ಬರ್ಗ್ ಮಗುವಿನ ನಿಮಿತ್ತ 1932ರಲ್ಲಿ ಹುಟ್ಟಿದ ಅಪಹರಣ ಶಾಸನದಡಿಯಲ್ಲಿಯೇ ಪಾರ್ಕರನಿಗೆ ಶಿಕ್ಷೆಯಾಗಿ, ಆತನು 1940ರಲ್ಲಿ ಸೆರೆಯಲ್ಲಿ ತೀರಿಕೊಂಡನು. ಹೌಪ್ಟ್‌ಮನ್ ತಪ್ಪೊಪ್ಪಿಕೊಂಡಿದ್ದರೆ ಜೀವ ಉಳಿಯುವ ಸಂಭವವಿತ್ತು, ಒಪ್ಪಲಿಲ್ಲ. 1936ರ ಏಪ್ರಿಲ್ 3ರಂದು ಟ್ರೆಂಟನ್ನಿನ ವಿದ್ಯುತ್ ಕುರ್ಚಿಯಲ್ಲಿ ಆತನ ಅಂತ್ಯವಾಯಿತು.

ಆತನ ಪತ್ನಿ ಆನ್ನಾ 1980ರ ದಶಕದಲ್ಲಿಯೂ ಸಂಸ್ಥಾನದ ವಿರುದ್ಧ ದಾವೆ ಹೂಡಿ ಸೋತಳು. 1994ರಲ್ಲಿ ತೀರಿಕೊಳ್ಳುವವರೆಗೂ ಗಂಡನು ನಿರಪರಾಧಿಯೆಂದೇ ಸಾಧಿಸಿದಳು. ನ್ಯೂಜರ್ಸಿ 2007ರಲ್ಲಿ ಮರಣದಂಡನೆಯನ್ನು ರದ್ದುಪಡಿಸಿತು. ಏಣಿಯನ್ನು ಸಂಸ್ಥಾನದ ಪೋಲೀಸ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.