ನಿಂತಲ್ಲೇ ಹಿಡಿದುಕೊಂಡ ಚಕ್ರ

ಇಪ್ಪತ್ತು ವರ್ಷ ಕೊಟ್ಟಿಗೆಯ ಮೂಲೆಯಲ್ಲಿದ್ದ ಮೋಟಾರ್ ಸೈಕಲ್ಲನ್ನು ಹೊರಗೆ ತರಲು ಹೋದರೆ ಚಕ್ರ ಉರುಳುವುದೇ ಇಲ್ಲ. ನಿಲ್ಲಿಸಿದ ದಿನ ಅದು ಸಲೀಸಾಗಿ ಉರುಳುತ್ತಿತ್ತು. ಅನಂತರ ಯಾರೂ ಅದನ್ನು ಮುಟ್ಟಿಲ್ಲ. ಓಡದ ಗಾಡಿ ಸವೆಯುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಹಾಗಾದರೆ ಚಕ್ರವನ್ನು ಹಿಡಿದಿಟ್ಟದ್ದು ಯಾವುದು?

ಇಂಥದೇ ಪ್ರಶ್ನೆಯನ್ನು 18ನೆಯ ಶತಮಾನದಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ಷಾರ್ಲ್ ಕೂಲಾಂ ಎತ್ತಿಕೊಂಡಿದ್ದ. ವಿದ್ಯುತ್ ಆವೇಶಗಳ ನಿಯಮದಿಂದ ನಿಮಗೆ ಪರಿಚಿತನಾದ ಕೂಲಾಂ ಇವನೇ. ರೋಷ್‌ಫೋರ್ ಬಂದರಿನ ಹಡಗುಕಟ್ಟೆಯಲ್ಲಿ ಅವನು ಮರದ ಮೇಲೆ ಮರವಿಟ್ಟು, ಅದನ್ನು ಕದಲಿಸಲು ಎಷ್ಟು ಬಲ ಬೇಕೆಂದು ಅಳೆದ. ತುಂಡು ನಿಂತ ಹೊತ್ತು ಹೆಚ್ಚಿದಂತೆ ಬೇಕಾದ ಬಲವೂ ಹೆಚ್ಚಿತು. ಘರ್ಷಣೆಯ ಈ ಅಧ್ಯಯನಕ್ಕೆ 1781ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಬಂದಿತು. ಅದರಿಂದ ತಿಳಿದದ್ದು ಇಷ್ಟು: ಒಂದಕ್ಕೊಂದು ತಾಗಿ ನಿಂತ ಮೇಲ್ಮೈಗಳ ನಡುವೆಯೂ ಬದಲಾವಣೆ ನಡೆಯುತ್ತಲೇ ಇರುತ್ತದೆ.

ಇದನ್ನು ನಮಗೆ ಹತ್ತಿರವಾದ ಒಂದು ಯಂತ್ರದಲ್ಲಿ ನೋಡೋಣ. ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಜಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಭಾಗಗಳು ಸೇರಿ ಆದ ಹೆಸರು ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿಕೆ 1961ರಲ್ಲಿ ಆರಂಭವಾಯಿತು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಕಾಲದ ಭಾಗವೊಂದು ಒಡೆದರೆ ಅಂಥದೇ ಇನ್ನೊಂದು ಸುಲಭವಾಗಿ ಸಿಗದು. ಹೀಗಾಗಿ ಹಿಡಿದುಕೊಂಡ ಚಕ್ರದ ಮೇಲೆ ಸುತ್ತಿಗೆ ಎತ್ತುವ ಮೊದಲು ಒಳಗೇನಾಗಿದೆ ಎಂದು ತಿಳಿಯಬೇಕು.

ಈ ಗಾಡಿಗಳದು ಡ್ರಮ್ ಬ್ರೇಕ್. ಚಕ್ರದೊಂದಿಗೆ ತಿರುಗುವ ಡಬ್ಬಿಯಂಥ ಡ್ರಮ್ಮಿನೊಳಗೆ ಎರಡು ಶೂಗಳು ಅಗಲವಾಗಿ ಒತ್ತಿ ಚಕ್ರವನ್ನು ತಡೆಯುತ್ತವೆ. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದ ಬ್ರೇಕಿನ ವಂಶ ಇದು. ಶೂಗಳಿಗೆ ಅಂಟಿಸುವ ಲೈನಿಂಗಿನ ಇತಿಹಾಸ ಇನ್ನೂ ಹಳೆಯದು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲೇ ಬ್ರೇಕ್ ಲೈನಿಂಗುಗಳ ಉದ್ಯಮ ಆರಂಭಿಸಿದ್ದ. ಮುಂದೆ ಲೈನಿಂಗಿಗೆ ಶಾಖ ತಡೆಯುವ ಆಸ್ಬೆಸ್ಟಾಸ್ ನಾರು ಸೇರಿತು.

ಲೈನಿಂಗಿನಲ್ಲಿ ಸೂಕ್ಷ್ಮ ರಂಧ್ರಗಳಿವೆ. ಮಳೆಗಾಲದ ತೇವ ಅವುಗಳಲ್ಲಿ ಉಳಿಯುತ್ತದೆ. ಅದಕ್ಕೆ ತಾಗಿಕೊಂಡ ಡ್ರಮ್ಮಿನ ಕಬ್ಬಿಣ ನೀರು ಮತ್ತು ಆಕ್ಸಿಜನ್ನಿನೊಂದಿಗೆ ವರ್ತಿಸಿ ತುಕ್ಕಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅದು ರಂಧ್ರಗಳೊಳಗೆ ಬೆಳೆದು ಗಾರೆಯಂತೆ ಎರಡನ್ನೂ ಬೆಸೆಯುತ್ತದೆ. ಇನ್ನೊಂದೆಡೆ, ಶೂಗಳನ್ನು ಅಗಲಿಸುವ ಕ್ಯಾಮಿನ ಗ್ರೀಸ್ ಒಣಗಿ, ಒತ್ತಿದ ಶೂಗಳು ಹಿಂದಕ್ಕೆ ಬಾರದಿರುವುದೂ ಉಂಟು.

ಮೂರನೆಯ ತಾಣ ಬೇರಿಂಗ್. ಪ್ಯಾರಿಸ್ಸಿನ ಜೂಲ್ ಸುರಿರೇ 1869ರಲ್ಲಿ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದ. 1883ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫಿಷರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ರೂಪಿಸಿದ. ತಿರುಗುವಾಗ ಗುಂಡುಗಳು ಗ್ರೀಸನ್ನು ಎಲ್ಲೆಡೆ ಹರಡುತ್ತವೆ. ನಿಂತಾಗ ಪ್ರತಿ ಗುಂಡೂ ಒಂದೇ ಜಾಗವನ್ನು ಒತ್ತುತ್ತದೆ. ತೇವ ಸೇರಿದರೆ ಅಲ್ಲೇ ತುಕ್ಕಿನ ಗುಳಿ ಬೀಳುತ್ತದೆ.

ಈಗ ಚಕ್ರವನ್ನು ಬಿಡಿಸೋಣ. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬ್ರೇಕಿನ ಕೇಬಲ್ ಅಥವಾ ಸರಳನ್ನು ಪೂರ್ತಿ ಸಡಿಲಿಸಿ. ಹಿಂದಿನ ಚಕ್ರವಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು ಸರಪಳಿ ಬಿಚ್ಚಿ. ಆಗ ಚಕ್ರ ತಿರುಗಿದರೆ ದೋಷ ಚಕ್ರದಲ್ಲಿಲ್ಲ, ಎಂಜಿನ್ ಇಲ್ಲವೆ ಗೇರಿನ ಕಡೆಗಿದೆ. ತಿರುಗದಿದ್ದರೆ ಹಬ್ಬಿನ ಹೊರಗಿರುವ ಬ್ರೇಕ್ ತೋಳನ್ನು ಹಿಂದೆ ಮುಂದೆ ಆಡಿಸಿ. ಕ್ಯಾಮಿನ ದಂಡಕ್ಕೆ ಒಂದೆರಡು ತೊಟ್ಟು ತೆಳು ಎಣ್ಣೆ ಸಾಕು. ಹೆಚ್ಚಾದರೆ ಅದು ಲೈನಿಂಗಿಗೆ ಇಳಿದು ಬ್ರೇಕ್ ಹಿಡಿಯದಂತಾಗುತ್ತದೆ. ಆಮೇಲೆ ಮರದ ಸುತ್ತಿಗೆಯಿಂದ ಹಬ್ಬಿನ ಸುತ್ತ ಮೆಲ್ಲಗೆ ತಟ್ಟುತ್ತ ಟೈರನ್ನು ಹಿಂದೆ ಮುಂದೆ ಅಲುಗಿಸಿ. ತುಕ್ಕು ಗಟ್ಟಿಯಾದರೂ ಪೆಡಸು. ನೂರು ಸಣ್ಣ ಪೆಟ್ಟಿಗೆ ಅದು ಬಿರುಕು ಬಿಡುತ್ತದೆ. ಒಂದು ದೊಡ್ಡ ಪೆಟ್ಟಿಗೆ ಬಿರುಕು ಬಿಡುವುದು ಅಲ್ಯುಮಿನಿಯಮ್ ಹಬ್.

ಬೇರಿಂಗೇ ಹಿಡಿದಿದ್ದರೆ ಅದನ್ನು ಹೊರತೆಗೆಯಲು ಶಾಖ ನೆರವಾಗುತ್ತದೆ. ಅಲ್ಯುಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗ್ ಕೂರುವ ಕುಳಿ 40 ಮಿಲಿಮೀಟರ್ ವ್ಯಾಸದ್ದಾಗಿದ್ದರೆ, ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಏರಿದಾಗ ಹಿಗ್ಗುವಿಕೆಯ ವ್ಯತ್ಯಾಸ ಸುಮಾರು 0.035 ಮಿಲಿಮೀಟರ್. ತಲೆಗೂದಲಿನ ದಪ್ಪದ ಅರ್ಧದಷ್ಟು! ಬಿಗಿತ ಸಡಿಲಿಸಲು ಅಷ್ಟು ಸಾಕು. ಆದರೆ ಪೆಟ್ರೋಲ್ ಟ್ಯಾಂಕಿನ ಬಳಿ ಬೆಂಕಿ ಬೇಡ. ಚಕ್ರವನ್ನು ಬೇರ್ಪಡಿಸಿದ ಮೇಲಷ್ಟೇ ಬಿಸಿ ಮಾಡಿ.

ಡ್ರಮ್ ತೆರೆದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ನಾರು ಶ್ವಾಸಕೋಶ ಸೇರಿದರೆ ದಶಕಗಳ ಅನಂತರವೂ ಕ್ಯಾನ್ಸರ್ ತರಬಲ್ಲದು. ಮುಖಕ್ಕೆ ಸರಿಯಾದ ಧೂಳುರಕ್ಷಕ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ಗುಳಿ ಬಿದ್ದ ಬೇರಿಂಗ್ ಮತ್ತು ಹಳೆಯ ಲೈನಿಂಗನ್ನು ಬದಲಿಸದೆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ತರಗತಿಯಲ್ಲಿ ನೀವೇ ಮಾಡಿ ನೋಡಿ. ಉಪ್ಪುನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯ ತುಂಡನ್ನು ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಇಟ್ಟು ದಾರದಿಂದ ಬಿಗಿಯಿರಿ. ಇನ್ನೊಂದು ಜೋಡಿಯ ನಡುವೆ ಒಣಬಟ್ಟೆ ಇರಲಿ. ಒಂದು ವಾರದ ಮೇಲೆ ದಾರ ಬಿಚ್ಚಿ, ಬಟ್ಟೆಯನ್ನು ಎಳೆಯಿರಿ. ಯಾವುದು ಸುಲಭವಾಗಿ ಬಂತು? ನಿಂತ ಗಾಡಿಯನ್ನು ಒಣಜಾಗದಲ್ಲಿಟ್ಟು ಆಗಾಗ ಚಕ್ರ ತಿರುಗಿಸಬೇಕು ಎನ್ನುವುದರ ಕಾರಣ ಆಗ ನಿಮ್ಮ ಕೈಯಲ್ಲೇ ಇರುತ್ತದೆ.