ಅಂಚಿನ ಕರಾರು: ಕಲ್ಯಾಣ್‌ನ 1009 ರನ್‌ಗಳ ಮರುಓದು

ಮುಂಬೈಯ 'ಖಡೂಸ್' (ಹಟದ, ಸುಲಭಕ್ಕೆ ವಿಕೆಟ್ ಕೊಡದ) ಬ್ಯಾಟಿಂಗ್ ಪರಂಪರೆಯ ವಕೀಲರು 2016ರ ಜನವರಿಯಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ: ಕಲ್ಯಾಣ್‌ನ ಯೂನಿಯನ್ ಕ್ರಿಕೆಟ್ ಮೈದಾನದಲ್ಲಿ ಶಾಲಾ ಪಂದ್ಯವೊಂದರಲ್ಲಿ ಪ್ರಣವ್ ಧನಾವಡೆ ಹೊಡೆದ ಅಜೇಯ 1009 ಚಿಕ್ಕ ಮೈದಾನದ ಫಸಲು, ಚಿಕ್ಕ ಮೈದಾನ ಹುಡುಗರಿಗೆ ಎತ್ತಿ ಹೊಡೆಯುವ ಚಟ ಹತ್ತಿಸುತ್ತದೆ. ಮೊದಲರ್ಧವನ್ನು ಒಪ್ಪೋಣ, ಒಂದು ಬದಿಯ ಬೌಂಡರಿ ತೀರ ಹತ್ತಿರವಿತ್ತೆಂದು ಅಂದಿನ ಪತ್ರಿಕೆಗಳೇ ಬರೆದಿವೆ. ಎರಡನೆಯ ಅರ್ಧ ಪುರಾವೆಯ ಎದುರು ನಿಲ್ಲುವುದಿಲ್ಲ.

ಒಟ್ಟು ಮೊತ್ತವನ್ನು ನೋಡಿ ಬೆರಗಾದವರು ಅದರ ವಿಂಗಡಣೆಯನ್ನು ನೋಡಲೇ ಇಲ್ಲ. ಧನಾವಡೆ ಆಡಿದ್ದು 323 ಎಸೆತ. 129 ಬೌಂಡರಿ, 59 ಸಿಕ್ಸರ್. 2013ರಲ್ಲಿ ಮುಂಬೈಯ ಆಜಾದ್ ಮೈದಾನದ ಶಾಲಾ ಪಂದ್ಯವೊಂದರಲ್ಲಿ ಪೃಥ್ವಿ ಶಾ 330 ಎಸೆತಗಳಲ್ಲಿ 546 ಗಳಿಸಿದ. 85 ಬೌಂಡರಿ, ಐದೇ ಸಿಕ್ಸರ್. ಎಸೆತಗಳ ಸಂಖ್ಯೆ ಹೆಚ್ಚುಕಡಿಮೆ ಸಮ. ಓಡಿ ಗಳಿಸಿದ ರನ್ ಕೂಡ ಬಹಳ ದೂರವಿಲ್ಲ: ಶಾ 176, ಧನಾವಡೆ 139. ಅಂದರೆ ಇಬ್ಬರ ನಡುವಿನ ಅಂತರವೆಲ್ಲ ಗೆರೆಯಾಚೆ ಬಿದ್ದ ಚೆಂಡುಗಳದ್ದು. (ಧನಾವಡೆಯ ಎದುರಾಳಿ ಆರ್ಯ ಗುರುಕುಲ 31 ಮತ್ತು 52ಕ್ಕೆ ಆಲೌಟಾದ ತಂಡ, ಬೌಲಿಂಗಿನ ಬಡತನಕ್ಕೂ ಇದರಲ್ಲಿ ಪಾಲುಂಟು. ಅದನ್ನು ಬೇರ್ಪಡಿಸಿ ತೂಗಲು ಈ ಅಂಕಿಗಳಿಂದಾಗದು.)

ಇಲ್ಲಿಗೆ ನಿಲ್ಲಿಸಿದರೆ ವಕೀಲರೇ ಗೆದ್ದಂತೆ ಕಾಣುತ್ತದೆ. ಆದರೆ ಗರಿಷ್ಠ ವೈಯಕ್ತಿಕ ಮೊತ್ತದಲ್ಲಿ ಧನಾವಡೆ ಮುರಿದದ್ದು ಯಾರ ದಾಖಲೆಯನ್ನು? 1899ರ ಜೂನ್‌ನಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಹದಿಮೂರರ ಹುಡುಗ ಎ. ಇ. ಜೆ. ಕಾಲಿನ್ಸ್ ಗಳಿಸಿದ ಅಜೇಯ 628. ಎಲ್ಲರೂ ಹೆಸರಿಸುವ, ಯಾರೂ ಬಿಡಿಸಿ ನೋಡದ ಸಾಕ್ಷ್ಯವಿದು. ಒಂದು ಆರು, 4 ಐದು, 31 ನಾಲ್ಕು, 33 ಮೂರು, 146 ಎರಡು, 87 ಒಂಟಿ. ಎರಡುಗಳಿಂದಲೇ 292 ರನ್! ಇಷ್ಟು ಎರಡುಗಳು ಎಲ್ಲಿಂದ ಬಂದವು? ಆ ಮೈದಾನವೂ ಒಂದು ಬದಿಗೆ ಗಿಡ್ಡವೇ. ಆದರೆ ಆ ಗಿಡ್ಡ ಅಂಚನ್ನು ದಾಟಿಸಿದರೆ ಸಿಗುತ್ತಿದ್ದದ್ದು ಎರಡೇ ರನ್. ಉದ್ದದ ಬದಿಗೆ ಹೊಡೆದರೆ ಓಡಿಯೇ ಗಳಿಸಬೇಕಿತ್ತು. ಎರಡುಗಳೆಲ್ಲ ಆ ಅಂಚಿನಾಚೆಗೆ ಹೋದವೆಂದು ನಾನು ಹೇಳುತ್ತಿಲ್ಲ. ಲೆಕ್ಕ ಬರೆದವನೇ ಮೊತ್ತದಲ್ಲಿ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರಬಹುದೆಂದು ಒಪ್ಪಿದ್ದನಂತೆ. ಅಷ್ಟನ್ನು ಕಳೆದರೂ ವಾದ ಅಲುಗುವುದಿಲ್ಲ. ಹತ್ತಿರದ ಅಂಚು ಕಲ್ಯಾಣ್‌ನಲ್ಲಿ ಆರು ರನ್ ಕೊಟ್ಟಿತು, ಕ್ಲಿಫ್ಟನ್‌ನಲ್ಲಿ ಎರಡು. ಗಿಡ್ಡತನ ಎರಡೂ ಕಡೆ ಇತ್ತು. ಬೇರೆಯಾಗಿದ್ದದ್ದು ಅಂಚಿಗೆ ಕಟ್ಟಿದ ಬೆಲೆ. ಪುರುಷರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಬೌಂಡರಿ 65ರಿಂದ 90 ಗಜದೊಳಗೆ ಇರಬೇಕೆಂಬ ಕಟ್ಟಳೆಯಿದೆ. ಶಾಲಾ ಕ್ರಿಕೆಟ್ಟಿನಲ್ಲಿ ಮೈದಾನ ಇದ್ದಂತೆ ಗೆರೆ.

ಇನ್ನೂ ಚಿಕ್ಕ ಅಂಗಳ ಬೇಕಾದರೆ ಮುಂಬೈಯ ವಾಡಿಗಳಿಗೇ ಬನ್ನಿ. ಕಟ್ಟಡಗಳ ನಡುವಿನ ಆ ಜಾಗದಲ್ಲಿ ಚೆಂಡು ನೆಲ ಮುಟ್ಟದೆ ಕಾಂಪೌಂಡ್ ದಾಟಿದರೆ ಔಟ್. ಕಿಟಕಿ ಗಾಜು ಒಡೆದರೆ ಆ ದಿನದ ಆಟವೇ ಮುಗಿಯಿತು. ಅಲ್ಲಿ ಬಾಳುವುದು ನೆಲಕ್ಕಂಟಿದ ಹೊಡೆತ. ತಾರ್‌ದೇವ್‌ನ ಚಿಖಲ್‌ವಾಡಿಯಲ್ಲಿ ಬೆಳೆದ ಸುನಿಲ್ ಗಾವಸ್ಕರ್ ನೇರ ಬ್ಯಾಟಿಗೆ ಮಾದರಿಯಾದದ್ದಕ್ಕೆ ಇದೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ಚಿಕ್ಕ ಜಾಗ ಎತ್ತಿ ಹೊಡೆಯುವುದನ್ನೇ ಕಲಿಸುತ್ತದೆ ಎನ್ನುವವರು ಮೊದಲು ಈ ವಾಡಿಗಳಿಗೆ ಉತ್ತರ ಕೊಡಬೇಕು.

ಬೇರೆ ಆಟಗಳಲ್ಲೂ ಅಳತೆಯೊಂದರಿಂದಲೇ ಶೈಲಿಯನ್ನು ಹೇಳಹೊರಟವರು ಎಡವಿದ್ದಾರೆ. ಐಸ್ ಹಾಕಿಯಲ್ಲಿ ಉತ್ತರ ಅಮೆರಿಕದ ಅಂಕಣ ಸುಮಾರು 26 ಮೀಟರ್ ಅಗಲ, ಯುರೋಪಿನ ಹಳೆಯ ಅಂಕಣ 30. ಜಾಗ ಹೆಚ್ಚಿದರೆ ಗೋಲೂ ಹೆಚ್ಚು ಎಂಬುದು ನಂಬಿಕೆ. 2014ರ ಸೋಚಿ ಒಲಿಂಪಿಕ್ಸ್‌ನ ಅಗಲದ ಅಂಕಣದಲ್ಲಿ ಕೆನಡಾದ ಪುರುಷರ ತಂಡ ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು. ಹೆಚ್ಚುವರಿ ಜಾಗ ಇರುವುದು ಗೋಲಿನಿಂದ ದೂರದ ಅಂಚುಗಳಲ್ಲಿ. ರಕ್ಷಕರು ಅದನ್ನು ಬಿಟ್ಟುಕೊಟ್ಟು ನಡುವನ್ನು ಕಾಯಬಹುದು.

ಆಜಾದ್ ಮೈದಾನದಲ್ಲಂತೂ 'ಮೈದಾನದ ಅಳತೆ' ಎಂದರೆ ಏನೆಂದೇ ಕೇಳಬೇಕು. 22 ಪಿಚ್‌ಗಳು ಒತ್ತೊತ್ತಾಗಿ, ಒಂದು ಪಂದ್ಯದ ಕವರ್ ಪಾಯಿಂಟ್ ಇನ್ನೊಂದರ ಲಾಂಗ್ ಆನ್ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಜಾಗ ಅದು. ಅಲ್ಲಿನ 546ನ್ನು 'ದೊಡ್ಡ ಮೈದಾನದ' ಇನಿಂಗ್ಸ್ ಎಂದು ಕಲ್ಯಾಣ್‌ನ ಎದುರು ನಿಲ್ಲಿಸುವವರು ಅಲ್ಲಿ ನಿಂತು ಒಂದು ಪಂದ್ಯವನ್ನಾದರೂ ನೋಡಿದ್ದಾರೆಯೇ ಎಂಬ ಅನುಮಾನ ನನಗಿದೆ. ಧನಾವಡೆಯ 59 ಸಿಕ್ಸರ್‌ಗಳಲ್ಲಿ ಎಷ್ಟು ಗಿಡ್ಡ ಬದಿಗೆ ಹೋದವು, ಎಷ್ಟು ಉದ್ದದ ಬದಿಗೆ ಎಂಬುದನ್ನು ಲೆಕ್ಕಹಾಕಿದ ಮೇಲೆ ಮಾತ್ರ ಆ ಹುಡುಗನ ಶೈಲಿಯ ಬಗ್ಗೆ ತೀರ್ಪು ಕೊಡಬಹುದು.